ಮದುಮಗಳನ್ನು ಅರ್ಧಕ್ಕೆ ಬಿಡುವ ಮುನ್ನ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಐವತ್ತು ಪುಟಕ್ಕೇ ನಿಂತುಹೋಯಿತು, ಹೊಸಬರನ್ನಷ್ಟೇ ಓದಿದರೆ ಸಾಲದೇ ಎಂದು ಕೇಳಿದ್ದೀರಿ. ನನ್ನದೂ ಕಾಲೇಜು ವಯಸ್ಸೇ. ನನ್ನ ಮಟ್ಟಿಗೆ ಸಾಲದು. 1967ರ ಆ ಕಾದಂಬರಿಯಲ್ಲಿ ಒಬ್ಬ ನಾಯಕನನ್ನು ಹುಡುಕಹೊರಟರೆ ತಲೆ ಕೆಡುತ್ತದೆ, ಹೆಸರುಗಳೇ ಅಷ್ಟಿವೆ. ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಹಿಂಬಾಲಿಸಿ, ಉಳಿದವರು ತಾವಾಗಿಯೇ ಪರಿಚಯವಾಗುತ್ತಾರೆ. ಕಾಡುದಾರಿಯ ವರ್ಣನೆ ಬಂದಾಗ ಪುಟ ಹಾರಿಸಬೇಡಿ, ಅಷ್ಟೇ.

ಹೊಸಬರ ಪೈಕಿ ವಿವೇಕ ಶಾನಭಾಗರ ಕಿರುಕಾದಂಬರಿ ‘ಘಾಚರ್ ಘೋಚರ್’ ಒಂದೇ ಸಂಜೆಗೆ ಮುಗಿಯುತ್ತದೆ, ನಿಜ. ಆದರೆ ಅಲ್ಲಿ ಮನೆಮಂದಿ ಇರುವೆಗಳ ಮೇಲೆ ಸಾರುವ ಯುದ್ಧವನ್ನು ಇನ್ನೊಮ್ಮೆ ಓದಿ: ಮೊದಲು ನಗು ತರಿಸಿದ್ದೇ ಆಮೇಲೆ ಹೆದರಿಸುತ್ತದೆ. ಕೆಲವು ಹಳೆಯ ಕಾದಂಬರಿಗಳ ಉಪದೇಶ ನನಗೂ ಒಗ್ಗುವುದಿಲ್ಲ. ಅಂಥವನ್ನು ಸಂಕೋಚವಿಲ್ಲದೆ ಕೆಳಗಿಡುತ್ತೇನೆ. ಮದುಮಗಳನ್ನು ಮಾತ್ರ ರಜೆಗೆಂದು ಎತ್ತಿಟ್ಟುಕೊಳ್ಳಿ.