ಸ್ಟಿರಾಯ್ಡ್ ಮಾತ್ರೆಯ ಪರಿಣಾಮ ತಡವಾಗುವುದೇಕೆ?

ಸಾಲ್ಬುಟಮಾಲ್ ಇನ್‌ಹೇಲರ್ ಎಳೆದ ಕೆಲವೇ ನಿಮಿಷಗಳಲ್ಲಿ ಉಬ್ಬಸ ತಗ್ಗುವಾಗ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಗೆ ಗಂಟೆಗಟ್ಟಲೆ ಏಕೆ ಬೇಕು ಎಂದು ಕೇಳಿದ್ದೀರಿ. ಮುಖ್ಯ ಕಾರಣವೆಂದರೆ ಎರಡರ ಗ್ರಾಹಕಗಳೂ (ಔಷಧವನ್ನು ಹಿಡಿದುಕೊಳ್ಳುವ ಜೀವಕೋಶದ ಪ್ರೋಟೀನುಗಳು) ಬೇರೆ ಬೇರೆ ಕಡೆ ಇದ್ದು, ಕೆಲಸ ಮಾಡುವ ರೀತಿಯೂ ಬೇರೆ. ಸಾಲ್ಬುಟಮಾಲ್‌ನ ಗ್ರಾಹಕ ಜೀವಕೋಶದ ಹೊರಪೊರೆಯಲ್ಲಿದ್ದು, ಒಳಗೆ ಆಗಲೇ ಸಿದ್ಧವಿರುವ ಪ್ರೋಟೀನುಗಳನ್ನು ಚುರುಕುಗೊಳಿಸಿ ಶ್ವಾಸನಾಳದ ಸ್ನಾಯುವನ್ನು ಸಡಿಲಿಸುತ್ತದೆ. ಸ್ಟಿರಾಯ್ಡ್ ಕೊಬ್ಬಿನಲ್ಲಿ ಕರಗುವ ಅಣುವಾದ್ದರಿಂದ ಪೊರೆಯನ್ನೇ ದಾಟಿ ಒಳಗಿಳಿಯುತ್ತದೆ. ಅಲ್ಲಿ ಅದರ ಗ್ರಾಹಕವು ಎಚ್‌ಎಸ್‌ಪಿ-90 ಮೊದಲಾದ ಪ್ರೋಟೀನುಗಳ ಆಸರೆಯಲ್ಲಿ, ಸ್ಟಿರಾಯ್ಡನ್ನು ಹಿಡಿಯಲು ತಕ್ಕ ಆಕಾರದಲ್ಲಿ ಕಾದಿರುತ್ತದೆ. ಎರಡೂ ಕೂಡಿದೊಡನೆ ಗ್ರಾಹಕದ ಆಕಾರ ಬದಲಾಗಿ, ಅದು ಕೋಶಕೇಂದ್ರವನ್ನು ಹೊಕ್ಕು, ಡಿಎನ್‌ಎಯ ನಿರ್ದಿಷ್ಟ ತಾಣಗಳಿಗೆ ಹೆಚ್ಚಾಗಿ ಜೋಡಿಯಾಗಿ ಅಂಟಿಕೊಂಡು ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ, ಉರಿಯೂತ ಹೆಚ್ಚಿಸುವ ಜೀನ್‌ಗಳನ್ನು ತಡೆಯುತ್ತದೆ. ಇಷ್ಟಕ್ಕೆ ಹೆಚ್ಚು ಹೊತ್ತು ಹಿಡಿಯದು, ತಡವಾಗುವುದು ಆಮೇಲೆ, ಎಂಆರ್‌ಎನ್‌ಎ (ಜೀನ್‌ನ ಸಂದೇಶವನ್ನು ಒಯ್ಯುವ ಪ್ರತಿ) ತಯಾರಾಗಿ, ಅದರಿಂದ ಹೊಸ ಪ್ರೋಟೀನು ಮೂಡಿ, ಈಗಾಗಲೇ ಇರುವ ಉರಿಯೂತಕಾರಕಗಳು ಕರಗುವಷ್ಟರಲ್ಲಿ. ಆದ್ದರಿಂದ ತಕ್ಷಣ ಆರಾಮ ಸಿಗಲಿಲ್ಲವೆಂದು ವೈದ್ಯರನ್ನು ಕೇಳದೆ ಇನ್ನೊಂದು ಮಾತ್ರೆ ನುಂಗಬೇಡಿ. ಉಸಿರಾಟ ತೀರಾ ಕಷ್ಟವಾದರೆ ಮಾತ್ರೆಯನ್ನು ನಂಬಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.