ಓದುಗರ ಪ್ರಶ್ನೆ: ಮೀನು ಮೇಲೇಳುತ್ತಿದೆ, ಗಾಳ ಮುಟ್ಟುತ್ತಿಲ್ಲ

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ನಾನು ಮೇ ತಿಂಗಳ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಸಾಲಿನ ಬೀವರ್‌ಕಿಲ್ ನದಿಗೆ ಫ್ಲೈ ಫಿಶಿಂಗ್‌ಗೆಂದು (ಹುಳುವಿನಂತೆ ಕಾಣುವ ‘ಫ್ಲೈ’ ಎಂಬ ಕೃತಕ ಗಾಳದಿಂದ ಮೀನು ಹಿಡಿಯಲು) ಹೋಗಿದ್ದೆ. ಸಂಜೆ ಸುತ್ತಲೂ ಟ್ರೌಟ್ ಮೀನುಗಳು ಮೇಲೆದ್ದು ಹುಳು ಹಿಡಿಯುತ್ತಿದ್ದರೂ ನನ್ನ ತೇಲುವ ಫ್ಲೈಯನ್ನು ಒಂದೂ ಮುಟ್ಟಲಿಲ್ಲ. ಕಾರಣವೇನು? ಜೊತೆಗೆ ಥರ್ಮಾಮೀಟರ್ ಒಯ್ಯುವುದು ಅಗತ್ಯವೇ?

ಉತ್ತರ: ದಾರ ಸೆಳೆತಕ್ಕೆ ಸಿಕ್ಕಿ ಫ್ಲೈಯನ್ನು ಎಳೆಯುತ್ತಿರಲಿಲ್ಲ ಎನ್ನುವುದಾದರೆ, ಆ ಮೀನುಗಳು ನೀವು ತೋರಿಸಿದ್ದಕ್ಕಿಂತ ಬೇರೆ ಹಂತದ ಹುಳುವನ್ನು ತಿನ್ನುತ್ತಿದ್ದಿರಬೇಕು. ಮೇಫ್ಲೈ ಹುಳುವಿನ ಮರಿ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ನದಿಯ ತಳದಲ್ಲೇ ಬೆಳೆದು, ವಸಂತದಲ್ಲಿ ನೀರು ಬೆಚ್ಚಗಾದ ಮೇಲೆ ಒಂದು ದಿನ ಮೇಲಕ್ಕೆ ಈಜಿ ಬಂದು, ನೀರಿನ ಮೇಲ್ಪದರದಲ್ಲಿ ಬೆನ್ನಿನ ಸಿಪ್ಪೆ ಸೀಳಿಕೊಂಡು ರೆಕ್ಕೆಯೊಂದಿಗೆ ಹೊರಬರುತ್ತದೆ. ಆ ಕೆಲವು ಕ್ಷಣ ಅದು ಈಜಲಾರದು, ಹಾರಲೂ ಆರದು. ಟ್ರೌಟ್‌ಗೆ ಅದಕ್ಕಿಂತ ಸುಲಭದ ತುತ್ತು ಬೇರೆಯಿಲ್ಲ. ಹಾಗಾಗಿ ಎಸೆಯುವ ಮೊದಲು ಹತ್ತು ನಿಮಿಷ ದಡದಲ್ಲಿ ಸುಮ್ಮನೆ ನಿಂತು ನೋಡಿ. ಮೀನಿನ ಮೂತಿ ಕಾಣಿಸಿ, ಅದು ಮುಳುಗಿದ ಜಾಗದಲ್ಲಿ ಗುಳ್ಳೆಯೊಂದು ಉಳಿದರೆ, ಅದು ಮೇಲೆ ತೇಲುತ್ತಿದ್ದ ಹುಳುವನ್ನು ಗಾಳಿಯೊಂದಿಗೆ ನುಂಗಿದೆ ಎಂದು ತಿಳಿಯಬಹುದು. ಗುಳ್ಳೆಯಿಲ್ಲದೆ ಬೆನ್ನು ಮತ್ತು ಬಾಲದ ತುದಿ ಮಾತ್ರ ಹೊರಳಿದರೆ ಅದು ತಿನ್ನುತ್ತಿರುವುದು ಮೇಲ್ಪದರದ ಕೆಳಗೆ. ಆಗ ಸಿಪ್ಪೆಯಿಂದ ಹೊರಬರುತ್ತಿರುವ ಹುಳುವನ್ನು ಹೋಲುವ, ಅರ್ಧ ಮುಳುಗಿ ನಿಲ್ಲುವ ಎಮರ್ಜರ್ ಎಂಬ ಫ್ಲೈಯನ್ನು ದಾರಕ್ಕೆ ಕಟ್ಟಬೇಕು.

ಮೇ ಕೊನೆ ಮತ್ತು ಜೂನ್ ಆರಂಭದಲ್ಲಿ ಇನ್ನೊಂದು ಸಾಧ್ಯತೆಯೂ ಇದೆ. ಗ್ರೀನ್ ಡ್ರೇಕ್ ಎಂಬ ದೊಡ್ಡ ಮೇಫ್ಲೈ ಏಳುವ ಕಾಲ ಅದು. ರೆಕ್ಕೆ ಬಂದ ಮೇಲೂ ಮತ್ತೊಮ್ಮೆ ಪೊರೆ ಕಳಚುವ ಕೀಟವೆಂದರೆ ಮೇಫ್ಲೈ ಮಾತ್ರ. ಹಾಗೆ ಕಳಚಿ ಬಿಳಿಯ ಮೈ ಪಡೆದ ಗ್ರೀನ್ ಡ್ರೇಕ್ ಅನ್ನು ಅಲ್ಲಿನವರು ಕಾಫಿನ್ ಫ್ಲೈ ಎನ್ನುತ್ತಾರೆ. ಮೊಟ್ಟೆಯಿಡಲು ಮುಸ್ಸಂಜೆ ನದಿಗೆ ಮರಳುವ ಹೆಣ್ಣುಗಳು ಕೊನೆಗೆ ರೆಕ್ಕೆ ಚಾಚಿಕೊಂಡು ನೀರಿನ ಮೇಲೆ ಬೀಳುತ್ತವೆ. ಅವು ತಪ್ಪಿಸಿಕೊಳ್ಳಲಾರವಾದ್ದರಿಂದ ಮೀನು ಅವಸರವಿಲ್ಲದೆ, ಸದ್ದಿಲ್ಲದೆ ಹೀರುತ್ತದೆ. ನೆಟ್ಟಗೆ ನಿಂತ ರೆಕ್ಕೆಯ ಫ್ಲೈ ಆ ಹೊತ್ತಿಗೆ ಹೊಂದುವುದಿಲ್ಲ.

ಥರ್ಮಾಮೀಟರ್ ಖಂಡಿತ ಬೇಕು. ನೀರು ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರಲ್ಲಿ ಕರಗಿರುವ ಆಮ್ಲಜನಕ ತಗ್ಗಿ, ಹಿಡಿದು ಬಿಟ್ಟ ಟ್ರೌಟ್ ಕೂಡ ಸಾಯಬಹುದು. ಬಿಸಿಲೇರಿದ ದಿನ ಬೀವರ್‌ಕಿಲ್ ಅನ್ನು ಬಿಟ್ಟು, ಕ್ಯಾನನ್ಸ್‌ವಿಲ್ ಜಲಾಶಯದ ಆಳದ ತಣ್ಣೀರು ಹರಿದುಬರುವ ಡೆಲವೇರ್ ನದಿಯ ಪಶ್ಚಿಮ ಕವಲಿಗೆ ಹೋಗಿ.