‘ಆ್ಯಸ್ ಮಚ್ ಆ್ಯಸ್’ ಎಲ್ಲಿ, ‘ಆ್ಯಸ್ ಮೆನಿ ಆ್ಯಸ್’ ಎಲ್ಲಿ, ‘ದ್ಯಾನ್’ ಎಲ್ಲಿ?

ಕನ್ನಡ ಮೀಡಿಯಂನಲ್ಲಿ ಓದಿದವರು, ಈಗ ಆಫೀಸಲ್ಲಿ ಇಂಗ್ಲಿಷ್ ಮೇಲ್ ಬರೆಯಬೇಕು, ‘ಅಷ್ಟೇ’, ‘ಅದಕ್ಕಿಂತ ಜಾಸ್ತಿ’, ‘ಎರಡು ಪಟ್ಟು’ ಅನ್ನೋದು ಬಂದ ಕೂಡಲೇ ಕೈ ನಿಂತುಬಿಡುತ್ತದೆ ಅಂತ ಬರೆದಿದ್ದೀರಿ. ‘ಮೈ ಸ್ಯಾಲರಿ ಈಸ್ ಸೇಮ್ ಲೈಕ್ ಹಿಮ್’ ಸರಿಯಾ ಅಂತಲೂ ಕೇಳಿದ್ದೀರಿ. ಅದನ್ನು ಕೊನೆಗೆ ನೋಡೋಣ.

ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಚಿಕ್ಕಮಗಳೂರಿನ ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಹೆಸರಿಗೆ ರೈಟರ್, ಬರೆಯೋದೆಲ್ಲ ಹಾಜರಿ, ತೂಕ, ಬಟವಾಡೆ. ಕೆಲವು ವರ್ಷದಿಂದ ಹೊರಗಿನ ಪಾರ್ಟಿಗಳಿಗೆ ಮೇಲ್ ಬರೆಯೋದೂ ನನ್ನ ತಲೆಗೇ ಬಂದಿದೆ. ನೀವು ಈಗ ನಿಂತಿರೋ ಜಾಗದಲ್ಲಿ ನಾನು ಆಗಲೇ ಬಿದ್ದು ಎದ್ದಿದ್ದೇನೆ.

ಅರೇಬಿಕಾ ಕೊಯ್ಲಿನ ಸಮಯದಲ್ಲಿ ನಮ್ಮಲ್ಲಿ ಸಂಜೆ ಹಣ್ಣಿನ ತೂಕ ಆಗುತ್ತದೆ. ಚೀಲ ಹೊತ್ತುಕೊಂಡು ಸಾಲಾಗಿ ಬರುತ್ತಾರೆ. ದಿನಾ ಯಾರಾದರೊಬ್ಬರು ಜಗಳ ತೆಗೆದೇ ತೆಗೆಯುತ್ತಾರೆ. ‘ಅಣ್ಣಾ, ನಾನೂ ಅವಳಷ್ಟೇ ಕೊಯ್ದಿದೀನಿ, ನಂದ್ಯಾಕೆ ಕಮ್ಮಿ ಬಂತು?’ ನೋಡಿ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ‘ಅವಳಷ್ಟೇ’ಯಲ್ಲಿದೆ. ನಾವು ‘ಅಷ್ಟು’ ಅನ್ನೋದನ್ನ ಆಳಿನ ಹೆಸರಿನ ಬಾಲಕ್ಕೆ ಅಂಟಿಸಿ ಕೈ ತೊಳೆದುಕೊಳ್ಳುತ್ತೇವೆ. ಇಂಗ್ಲಿಷಿನವರು ಅಳತೆಯ ಮಾತಿನ ಎರಡೂ ಕಡೆ ಗೂಟ ಹೊಡೆಯುತ್ತಾರೆ. ‘ಐ ಪಿಕ್ಡ್ ಆ್ಯಸ್ ಮಚ್ ಆ್ಯಸ್ ಶೀ ಡಿಡ್.’ ಮೊದಲನೇ ‘ಆ್ಯಸ್’ ನಮ್ಮ ‘ಅಷ್ಟು’, ಎರಡನೇದು ನಮ್ಮ ‘ಎಷ್ಟೋ’. ‘ಅವಳು ಎಷ್ಟು ಕೊಯ್ದಳೋ ಅಷ್ಟು’ ಅನ್ನೋದನ್ನ ತಿರುಗಿಸಿ ಹೇಳಿದ ಹಾಗೆ.

ನಾವು ತಪ್ಪೋದು ಒಂದು ಗೂಟ ಮರೆತಾಗ, ಇಲ್ಲಾ ಎರಡನೇ ಗೂಟದ ಜಾಗದಲ್ಲಿ ‘ದ್ಯಾನ್’ ನೆಟ್ಟಾಗ. ‘ಆ್ಯಸ್’ನಿಂದ ಶುರು ಮಾಡಿದರೆ ‘ಆ್ಯಸ್’ನಲ್ಲೇ ಮುಗಿಸಿ. ‘ಮೋರ್’, ‘ಲೆಸ್’, ‘ಬೆಟರ್’, ‘ಟಾಲರ್’ ಇಂಥವು ಬಂದರೆ ಮಾತ್ರ ‘ದ್ಯಾನ್’. ಅಂದಹಾಗೆ, ಹಳೇ ಇಂಗ್ಲಿಷಿನಲ್ಲಿ ‘ಆಲ್’ ಮತ್ತು ‘ಸೋ’ ಸೇರಿದ್ದ ಮಾತೇ ಸವೆದು ಸವೆದು ‘ಆ್ಯಸ್’ ಆಗಿರೋದು. ಅಷ್ಟಾಗಿ ಸವೆಯದೆ ಉಳಿದದ್ದು ‘ಆಲ್ಸೋ’. ‘ದ್ಯಾನ್’, ‘ದೆನ್’ ಕೂಡ ಹಿಂದೆ ಒಂದೇ ಮಾತು. ಇಂಗ್ಲಿಷ್ ಮನೆಮಾತಿನವರೇ ಇವತ್ತಿಗೂ ಒಂದರ ಬದಲು ಇನ್ನೊಂದು ಬರೆದುಬಿಡುತ್ತಾರೆ. ಸುಮ್ನೆ, ನಿಮಗೆ ಸಮಾಧಾನ ಆಗಲಿ ಅಂತ ಹೇಳಿದೆ.

ಇನ್ನು ‘ಮಚ್’, ‘ಮೆನಿ’. ನಮಗೆ ಎಷ್ಟು ನೀರೋ ಅಷ್ಟು ನೀರು, ಎಷ್ಟು ಜನವೋ ಅಷ್ಟು ಜನ. ಎಣಿಸೋದಕ್ಕೂ ಅಳೆಯೋದಕ್ಕೂ ಒಂದೇ ‘ಎಷ್ಟು’ ಸಾಕು. ಇಂಗ್ಲಿಷಿಗೆ ಸಾಲದು. ಎಣಿಸಿದರೆ ‘ಮೆನಿ’, ಅಳೆದರೆ ‘ಮಚ್’. ನಮ್ಮ ಕಾಫಿಯಲ್ಲೇ ಇದಕ್ಕೆ ಒಂದು ಒಳ್ಳೇ ಜೋಡಿ ಇದೆ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾಗಿಂತ ಜಾಸ್ತಿ, ಹೆಚ್ಚುಕಮ್ಮಿ ಎರಡರಷ್ಟು. ಕೆಫೀನನ್ನ ಯಾರೂ ಒಂದು, ಎರಡು ಅಂತ ಎಣಿಸೋದಿಲ್ಲ. ಹಾಗಾಗಿ ‘ರೋಬಸ್ಟಾ ಹ್ಯಾಸ್ ಅಬೌಟ್ ಟ್ವೈಸ್ ಆ್ಯಸ್ ಮಚ್ ಕೆಫೀನ್ ಆ್ಯಸ್ ಅರೇಬಿಕಾ’. ಕ್ರೋಮೋಸೋಮ್ ವಿಷಯಕ್ಕೆ ಬಂದರೆ ಲೆಕ್ಕ ತಿರುಗುಮುರುಗು. ಅರೇಬಿಕಾದಲ್ಲಿ 44, ರೋಬಸ್ಟಾದಲ್ಲಿ 22. ಎಣಿಸೋ ವಸ್ತು, ಆದ್ದರಿಂದ ‘ಅರೇಬಿಕಾ ಹ್ಯಾಸ್ ಟ್ವೈಸ್ ಆ್ಯಸ್ ಮೆನಿ ಕ್ರೋಮೋಸೋಮ್ಸ್ ಆ್ಯಸ್ ರೋಬಸ್ಟಾ’. ಒಂದೇ ವಸ್ತುವಿಗೂ ಎರಡೂ ಬರಬಹುದು. ಕಾಫಿ ಅಂದರೆ ‘ಮಚ್’, ಕಾಫಿ ಚೀಲ ಅಂದರೆ ‘ಮೆನಿ’. ದುಡ್ಡಿಗೆ ‘ಮಚ್’, ಆದರೆ ರೂಪಾಯಿ ಅಂತ ಬಾಯಲ್ಲಿ ಬಂತೋ, ‘ಮೆನಿ’. ನಮ್ಮ ‘ಹೌ ಮಚ್ ರುಪೀಸ್’ ಬಸ್ಸಿನಲ್ಲಿ ನಡೆಯುತ್ತದೆ, ಮೇಲ್‌ನಲ್ಲಿ ಬೇಡ.

ಮೇಲಿನ ಮಾತಲ್ಲಿ ‘ಎರಡರಷ್ಟು’ ಅಂದೆನಲ್ಲ, ಅದರೊಳಗೂ ‘ಅಷ್ಟು’ ಕೂತಿದೆ. ಹಾಗಾಗಿ ಇಂಗ್ಲಿಷಲ್ಲೂ ಅಲ್ಲಿ ‘ಆ್ಯಸ್’ ಜೋಡಿಯೇ ಬರಬೇಕು. ‘ಟ್ವೈಸ್ ದ್ಯಾನ್’ ಅಂತ ಇಲ್ಲವೇ ಇಲ್ಲ. ಅರ್ಧದಷ್ಟು ಅಂದರೆ ‘ಹಾಫ್ ಆ್ಯಸ್ ಮಚ್ ಆ್ಯಸ್’. ‘ತ್ರೀ ಟೈಮ್ಸ್ ಮೋರ್ ದ್ಯಾನ್’ ಅಂತ ಎಲ್ಲರೂ ಬರೆಯುತ್ತಾರೆ, ಆದರೆ ನಾನು ಲೆಕ್ಕದ ಜಾಗದಲ್ಲಿ ಅದನ್ನ ಮುಟ್ಟೋದಿಲ್ಲ. ಕೆಲವರು ಮೂರರಷ್ಟು ಅಂತ ಓದುತ್ತಾರೆ. ಇನ್ನು ಕೆಲವರು ಇದ್ದದ್ದರ ಮೇಲೆ ಇನ್ನೂ ಮೂರು, ಅಂದರೆ ಒಟ್ಟು ನಾಲ್ಕರಷ್ಟು ಅಂತ ಓದುತ್ತಾರೆ. ಕನ್ನಡದ ‘ಮೂರು ಪಟ್ಟು ಜಾಸ್ತಿ’ಯಲ್ಲೂ ಇದೇ ಎಡವಟ್ಟು ಇದೆ, ಅಲ್ವಾ? ‘ತ್ರೀ ಟೈಮ್ಸ್ ಆ್ಯಸ್ ಮೆನಿ ಆ್ಯಸ್’ ಅಂದರೆ ತಕರಾರೇ ಇಲ್ಲ.

‘ಗಿಂತ’ದ ವಿಷಯ ಸಣ್ಣದು. ‘ಬಾಬಾಬುಡನ್‌ಗಿರಿಗಿಂತ ಮುಳ್ಳಯ್ಯನಗಿರಿ ಎತ್ತರ’ ಅನ್ನುತ್ತೇವೆ. ಆ ‘ಎತ್ತರ’ಕ್ಕೆ ನಾವು ಏನೂ ಸೇರಿಸೋದಿಲ್ಲ, ಇಡೀ ಭಾರ ‘ಗಿಂತ’ದ ಮೇಲೆ. ಅದೇ ಅಭ್ಯಾಸದಲ್ಲಿ ‘ಹೈ ದ್ಯಾನ್’ ಬಂದುಬಿಡುತ್ತದೆ. ಅಲ್ಲಿ ‘ಹೈಯರ್’ ಆಗಲೇಬೇಕು. ಉಲ್ಟಾ ಕಡೆಯಿಂದ, ‘ಇನ್ನೂ ಬೆಟರ್’ ಅಂತ ಹೇಳಿ ಹೇಳಿ ‘ಮೋರ್ ಬೆಟರ್’ ಬರೆಯುತ್ತೇವೆ. ‘ಬೆಟರ್’ನಲ್ಲೇ ‘ಮೋರ್’ ಇದೆ. ತೀರಾ ಒತ್ತಿ ಹೇಳಬೇಕಾದರೆ ‘ಮಚ್ ಬೆಟರ್’. ‘ಸೀನಿಯರ್’, ‘ಜೂನಿಯರ್’, ‘ಪ್ರಿಫರ್’ ಇವುಗಳ ಮುಂದೆ ‘ದ್ಯಾನ್’ ಬಾರದು, ‘ಟು’ ಬರುತ್ತದೆ. ಇವನ್ನು ಬಾಯಿಪಾಠ ಮಾಡಿಕೊಳ್ಳಿ.

ಅದೇ ಬೆಟ್ಟಗಳನ್ನ ‘ಇಲ್ಲ’ ಹಾಕಿ ಹೇಳಿ ನೋಡಿ. ‘ಬಾಬಾಬುಡನ್‌ಗಿರಿ ಮುಳ್ಳಯ್ಯನಗಿರಿಯಷ್ಟು ಎತ್ತರ ಇಲ್ಲ.’ ಮುಳ್ಳಯ್ಯನಗಿರಿ 1,930 ಮೀಟರ್, ಬಾಬಾಬುಡನ್‌ಗಿರಿ 1,895. ಇಂಗ್ಲಿಷಲ್ಲಿ ‘ನಾಟ್ ಆ್ಯಸ್ ಹೈ ಆ್ಯಸ್’. ಎರಡು ಭಾಷೆಯಲ್ಲೂ ಇದರ ಅರ್ಥ ‘ಸಮ ಇಲ್ಲ’ ಅಂತಷ್ಟೇ ಅಲ್ಲ, ‘ಕಮ್ಮಿ’ ಅಂತ. ಯಾರನ್ನಾದರೂ ನೋಯಿಸದೆ ಕಮ್ಮಿ ಅನ್ನಬೇಕಾದಾಗ ಇದು ಬಹಳ ಉಪಯೋಗ. ‘ಈ ಸಲದ ಮಾಲು ಕಳಪೆ’ ಅನ್ನೋದಕ್ಕೂ ‘ಹೋದ ಸಲದಷ್ಟು ಚೆನ್ನಾಗಿಲ್ಲ’ ಅನ್ನೋದಕ್ಕೂ ವ್ಯತ್ಯಾಸ ಇದೆಯಲ್ಲ, ಅದೇ.

ಈಗ ನನ್ನ ಎಡವಟ್ಟು. ಒಂದು ಸಲ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಒಣಗಿ ಕಣದಿಂದ ಎತ್ತಿದ್ದೆವು. ಮಾಲೂ ಚೆನ್ನಾಗಿದೆ, ಒಣಗಿಯೂ ಇದೆ ಅಂತ ಪಾರ್ಟಿಗೆ ಬರೆಯಬೇಕಿತ್ತು. ‘ಗುಡ್ ಆ್ಯಸ್ ವೆಲ್ ಆ್ಯಸ್ ಡ್ರೈ’ ಅನ್ನೋ ಬದಲು ‘ದಿಸ್ ಲಾಟ್ ಈಸ್ ಆ್ಯಸ್ ಗುಡ್ ಆ್ಯಸ್ ಡ್ರೈ’ ಅಂತ ಬರೆದು ಕಳಿಸಿದೆ. ಮರುದಿನ ಉತ್ತರ ಬಂತು. ‘ಪೂರ್ತಿ ಒಣಗಿದ ಮೇಲೆ ತಿಳಿಸಿ.’ ನನಗೆ ಸಿಟ್ಟು ಬಂತು. ಗೋಡೌನಿಗೆ ಹೋಗಿ ಮತ್ತೆ ಮೀಟರ್ ಹಾಕಿ ನೋಡಿದೆ, ಮಾಯಿಶ್ಚರ್ 10 ಪರ್ಸೆಂಟ್, ಎಷ್ಟಿರಬೇಕೋ ಅಷ್ಟೇ ಇದೆ. ಊರಿಗೆ ಬಂದಿದ್ದ ಸಾಹುಕಾರ್ರ ಮಗಳಿಗೆ ಮೇಲ್ ತೋರಿಸಿದೆ. ಓದಿ ನಕ್ಕುಬಿಟ್ಟರು. ‘ರೈಟ್ರೇ, ನೀವು ಬರೆದಿರೋದು ಇನ್ನೇನು ಒಣಗಿದ ಹಾಗೇ ಅಂತ!’

ಹೌದು, ‘ಆ್ಯಸ್ ಗುಡ್ ಆ್ಯಸ್’ ಅಂದರೆ ಕೆಲವು ಕಡೆ ನಮ್ಮ ‘ಹಾಗೇ’. ‘ಆ್ಯಸ್ ಗುಡ್ ಆ್ಯಸ್ ಡನ್’ ಅಂದರೆ ‘ಮುಗಿದ ಹಾಗೇ’. ಮುಗಿದಿದೆಯಾ? ಇಲ್ಲ. ಕೆಲಸ ಬಾಕಿ ಇದ್ದಾಗ ನಾವೂ ಹೀಗೇ ಹೇಳೋದು.

ಇಂಥದ್ದೇ ಇನ್ನೊಂದು ಪೇಪರಿನಲ್ಲಿ ಸಿಗುತ್ತದೆ. ‘ಆ್ಯಸ್ ಮೆನಿ ಆ್ಯಸ್ 30 ಪೀಪಲ್’ ಅಂತ ಇರುತ್ತದೆ, ಯಾರಿಗೂ ಹೋಲಿಸಿರೋದಿಲ್ಲ. ಅದನ್ನ ‘30 ಜನರಷ್ಟು’ ಅಂತ ಓದಿದರೆ ಸಪ್ಪೆ. ಅಲ್ಲಿ ಅದು ನಮ್ಮ ‘ಬರೋಬ್ಬರಿ 30 ಜನ’. ಅಬ್ಬಾ ಅಷ್ಟೊಂದಾ ಅನ್ನೋ ಧ್ವನಿ. ‘ಬೇಕಾದಷ್ಟು ತಗೊಳ್ಳಿ’ ಅನ್ನೋದಕ್ಕೆ ‘ಟೇಕ್ ಆ್ಯಸ್ ಮಚ್ ಆ್ಯಸ್ ಯೂ ವಾಂಟ್’. ‘ಬೇಗ ಬಂದಷ್ಟೂ ಒಳ್ಳೇದು’ ಅನ್ನೋದಕ್ಕೆ ಮಾತ್ರ ‘ಆ್ಯಸ್’ ಬಿಟ್ಟು ‘ದ ಸೂನರ್ ದ ಬೆಟರ್’.

ಇನ್ನು ನಿಮ್ಮ ಸಂಬಳ. ‘ಸೇಮ್’ ಜೊತೆ ‘ಲೈಕ್’ ಬೇಡ, ‘ದ ಸೇಮ್ ಆ್ಯಸ್’ ಅನ್ನಿ. ‘ಹಿಮ್’ ಕೂಡ ಸರಿಯಲ್ಲ. ನಾವು ‘ನನ್ನ ಸಂಬಳ ಅವನಷ್ಟೇ’ ಅಂದರೆ ಯಾರೂ ಸಂಬಳವನ್ನ ಆಳಿಗೆ ಹೋಲಿಸಿದ ಅಂತ ನಗೋದಿಲ್ಲ. ಇಂಗ್ಲಿಷಲ್ಲಿ ಸಂಬಳಕ್ಕೆ ಸಂಬಳವೇ ಎದುರಿಗೆ ಇರಬೇಕು. ‘ಮೈ ಸ್ಯಾಲರಿ ಈಸ್ ದ ಸೇಮ್ ಆ್ಯಸ್ ಹಿಸ್.’ ಇಲ್ಲಾ ಮಾತನ್ನೇ ತಿರುಗಿಸಿ ‘ಐ ಅರ್ನ್ ಆ್ಯಸ್ ಮಚ್ ಆ್ಯಸ್ ಹೀ ಡಸ್’ ಅನ್ನಿ. ಆಡುಮಾತಲ್ಲಿ ‘ಆ್ಯಸ್ ಮಚ್ ಆ್ಯಸ್ ಹಿಮ್’ ಅಂದರೂ ನಡೆಯುತ್ತದೆ, ಯಾಕೆಂದರೆ ಇಲ್ಲಿ ದುಡಿಯೋ ಆಳಿಗೆ ದುಡಿಯೋ ಆಳು ಎದುರಿಗಿದ್ದಾನೆ. ಮೇಲ್ ಹೋಗೋದು ಎಚ್‌ಆರ್‌ಗೇ ಆದರೆ, ಅವನ ಸಂಬಳ ನಿಜಕ್ಕೂ ನಿಮ್ಮಷ್ಟೇನಾ ಅಂತ ಮೊದಲು ವಿಚಾರಿಸಿಕೊಂಡು ಕಳಿಸಿ.